ಪೈಲ್ವಾನರ ಖಾಲಿ ಹೊಟ್ಟೆ

ಜನವರಿ ೭, ಮಂಗಳವಾರ. ಮಧ್ಯಾಹ್ನ ೩

ಊಟದವರೆಲ್ಲ ಹೋದರು. ಎಣ್ಣೆಗಾಯಿ ಸಾಲಲಿಲ್ಲ, ಝುಣಕ ಉಳಿಯಿತು. ನಾಳೆ ಉಲ್ಟಾ ಆಗುತ್ತದೆ. ಖಾನಾವಳಿ ಹಾಕಿದ ದಿನದಿಂದ ಇದೇ ಹಾಡು.

ಬೆಳಿಗ್ಗೆ ಮತ್ತೆ ಜಗಳ. ಇವರು ಹಿತ್ತಲಲ್ಲಿ ಬೈಠಕ್ ಹೊಡೆದರೆ ಅಡಿಗೆಮನೆ ಗೋಡೆ ನಡುಗುತ್ತದೆ. ಶೆಲ್ಫಿನ ತಾಟುಗಳೆಲ್ಲ ಗಲಗಲ. ಐವತ್ತು ದಾಟಿದ ಮನುಷ್ಯ! ಕುಸ್ತಿ ಬಿಟ್ಟು ಕಾಲವಾಯಿತು, ಬೈಠಕ್ ಬಿಡಲಿಲ್ಲ.

“ರೀ, ಇದು ಖಾನಾವಳಿನೋ ಅಖಾಡಾನೋ?” ಅಂದೆ.

“ತಾಟು ಬಿದ್ರ ಎತ್ತಿಡು. ಪೈಲ್ವಾನನ್ನ ಮಾಡ್ಕೊಂಡೀದಿ, ಮಾಸ್ತರನ್ನಲ್ಲ.”

ಆಮೇಲೆ ಖುರಾಕು. ರಾತ್ರಿ ನೆನೆಸಿಟ್ಟ ಬದಾಮಿ ಅರೆದು, ಎಮ್ಮೆ ಹಾಲಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು ಕಾಯಿಸಿ ಕೊಡಬೇಕು. ದೊಡ್ಡ ಹಿತ್ತಾಳೆ ಚೆಂಬು ತುಂಬ. ಎದುರಿಗೆ ಅತ್ತೆ ಕೂತು ನೋಡುತ್ತಿರುತ್ತಾರೆ, ಮಗ ಕೊನೇ ಗುಟುಕು ಮುಗಿಸುವ ತನಕ. ಈ ಮನೆಗೆ ಬಂದಾಗಿನಿಂದ ನನ್ನ ಬೆಳಗು ಹೀಗೇ.

ಇನ್ನೊಂದು ತಲೆನೋವು. ಇವರು ಮೊಣಕಾಲು ನೋವೆಂದು ದವಾಖಾನೆಗೆ ಹೋದರೆ, ರಕ್ತ ಪರೀಕ್ಷೆಯಲ್ಲಿ ಲಿವರ್ ಸಿಕ್ಕಿಬಿತ್ತು. ಸೋನೋಗ್ರಫಿಯಲ್ಲಿ ಲಿವರ್ ತುಂಬ ಕೊಬ್ಬು ಅಂತ ಬಂತು. ಕೊಬ್ಬು ಕಂಡಿತು, ಆದರೆ ಲಿವರ್ ಒಳಗೊಳಗೇ ಗಟ್ಟಿಯಾಗಿದೆಯೋ ಏನೋ ಇದರಲ್ಲಿ ತಿಳಿಯುವುದಿಲ್ಲ ಅಂದರು ಸುಮಿತಾ ಡಾಕ್ಟರು. ಮೊದಲೆಲ್ಲ ಸೂಜಿ ಚುಚ್ಚಿ ಚೂರು ತೆಗೆದು ನೋಡುತ್ತಿದ್ದರಂತೆ. ಈಗ ಫೈಬ್ರೋಸ್ಕ್ಯಾನ್ ಅಂತ ಮಷಿನ್. ಹೊರಗಿನಿಂದಲೇ ನೋಡುತ್ತದೆ. ಶನಿವಾರ ಇಲ್ಲೇ ದಾಂಡೇಲಿಯಲ್ಲಿ ಕ್ಯಾಂಪ್ ಇದೆ, ಏನೂ ತಿನ್ನದೆ ಬರಬೇಕಂತೆ.

“ಸೂಜಿ ಇಲ್ಲಂದ್ರ ಬರ್ತೇನಿ” ಅಂದರು ಪೈಲ್ವಾನರು. ಎದುರಾಳಿಯನ್ನು ಎತ್ತಿ ಒಗೆದವರಿಗೆ ಸೂಜಿ ಅಂದರೆ ಭಯ.

ಜನವರಿ ೧೧, ಶನಿವಾರ. ಸಂಜೆ

ಬರೆದರೆ ಸಮಾಧಾನ ಆದೀತು.

ಬೆಳಿಗ್ಗೆ ಎಲ್ಲ ಸರಿಯಾಗೇ ಇತ್ತು. ಬೈಠಕ್ ಮುಗಿಸಿದರು. ಉಪ್ಪಿಟ್ಟು ಮಾಡಿದ್ದೆ, ಅದರ ಕಡೆ ತಿರುಗಿ ನೋಡಲಿಲ್ಲ. ಖುರಾಕು ಕುಡಿದು, ಚೆಂಬು ಕೆಳಗಿಟ್ಟು, ಮೀಸೆ ಒರೆಸಿಕೊಂಡು ಹೊರಟೇಬಿಟ್ಟರು. ಕೆಲಸದ ಗೌರವ್ವನಿಗೆ ರೊಟ್ಟಿ ಬಡಿಯುವುದನ್ನು ಒಪ್ಪಿಸಿ ನಾನೂ ಹಿಂದೆ ಓಡಿದೆ.

ಸಾಲು ಬೇಗ ಮುಂದೆ ಹೋಯಿತು. ಮಷಿನ್ ನೋಡುವವಳು ತುಳಜಾ ಅಂತ ಹುಡುಗಿ. ಮುಂಡಗೋಡ ಕಡೆಯ ತಾಂಡಾದವಳು, ನಗುಮುಖ.

“ಏನರ ತಿಂದೀರೇನ್ರಿ ಕಾಕಾ?”

“ನಿನ್ನೆ ರಾತ್ರಿಯಿಂದ ಒಂದ್ ತುತ್ತು ಬಾಯಾಗ ಹಾಕಿಲ್ಲವ್ವಾ” ಅಂದರು ಎದೆ ಉಬ್ಬಿಸಿ.

ಮಲಗಿಸಿ, ಬಲಗೈ ತಲೆಯ ಕೆಳಗೆ ಇಡಿಸಿ, ಪಕ್ಕೆಲುಬಿನ ನಡುವೆ ತಣ್ಣಗಿನ ಜೆಲ್ ಹಚ್ಚಿದಳು. ಸಣ್ಣ ಕೋಲಿನಂಥದ್ದು ಒತ್ತಿ ಹಿಡಿದಳು. ಟಕ್... ಟಕ್... ಅಂತ ತಟ್ಟುತ್ತದೆ. ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುತ್ತೇವಲ್ಲ, ಹಾಗೆ.

“ಈ ತಟ್ಟಿನ ತೆರಿ ನೀರಿನ ಅಲಿಯಂಗ ಲಿವರಿನ್ಯಾಗ ಓಡತೈತ್ರಿ ಅಕ್ಕಾರ” ಅಂತ ನನಗೆ ತಿಳಿಸಿ ಹೇಳಿದಳು. “ಲಿವರ್ ಮೆತ್ತಗಿದ್ರ ಸಾವಕಾಶ ಓಡತೈತಿ. ಬಿರುಸಾಗಿದ್ರ ಜೋರ ಓಡತೈತಿ. ಎಷ್ಟ್ ಜೋರ ಓಡ್ತು ಅಂತ ಮಷಿನ್ ಅಳತಿ ಮಾಡತೈತಿ.”

ಇವರಿಗೆ ಅಲ್ಲೂ ತಮಾಷೆ. “ನೋಡವ್ವಾ, ಪೈಲ್ವಾನನ ಮೈ, ಬಿರುಸs ಇರತೈತಿ.”

ಪರದೆ ನೋಡಿದ ತುಳಜಾಳ ನಗು ನಿಂತಿತು. ಇನ್ನೊಮ್ಮೆ ತಟ್ಟಿದಳು. ಮತ್ತೊಮ್ಮೆ. ನಾನು ಎದ್ದು ಪರದೆಯ ಹತ್ತಿರ ಹೋದೆ.

೧೨.೮. ಏಳರೊಳಗೆ ಇರಬೇಕಂತೆ.

ಕ್ಯಾಂಪಿನ ಡಾಕ್ಟರು ಚೀಟಿ ನೋಡಿ ಹೇಳಿದರು, ಲಿವರ್ ಗಟ್ಟಿಯಾಗಿರುವ ಲಕ್ಷಣ, ಸಿರೋಸಿಸ್ ಇರಬಹುದು, ಹುಬ್ಬಳ್ಳಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ. ಭಾರ ಎತ್ತಬೇಡಿ. ಕುಡಿತ ಇದ್ದರೆ ಇವತ್ತೇ ಬಿಡಿ.

“ಹನಿ ಮುಟ್ಟಿದವನಲ್ರಿ ನಾ” ಅಂದರು ಇವರು. ಡಾಕ್ಟರು ತಲೆಯಾಡಿಸಿದರು. ನಂಬಿದರೋ ಇಲ್ಲವೋ.

ಮನೆ ಬಾಗಿಲಲ್ಲಿ ಮೆಲ್ಲಗೆ ಹೇಳಿದರು, “ಅವ್ವಗ ಹೇಳಬ್ಯಾಡ. ಮೊಣಕಾಲು ಅಂತ ಹೇಳು.”

ಜನವರಿ ೧೨, ಭಾನುವಾರ

ಇವತ್ತು ಬೈಠಕ್ ಇಲ್ಲ. ತಾಟುಗಳು ಅಲುಗಲಿಲ್ಲ. ಇಷ್ಟು ವರ್ಷ ಬೈದದ್ದು ಇದಕ್ಕೇನಾ.

ಉಳ್ಳಾಗಡ್ಡಿ ಹೆಚ್ಚುತ್ತಾ ಅತ್ತೆ... ಅಂದರೆ ನಾನು ಅತ್ತದ್ದು. ಅತ್ತೆ ಹೊರಗೆ ಬಿಸಿಲಿಗೆ ಕೂತಿದ್ದರು.

ಜನವರಿ ೧೪. ಸಂಕ್ರಮಣ

ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಬಡಿದೆ. ಬರ್ತಾ, ಮಾದಲಿ, ಎಲ್ಲಾ ಮಾಡಿದೆ. ಹಬ್ಬ ಬಿಟ್ಟರೆ ಅತ್ತೆಗೆ ಸಂಶಯ ಬರುತ್ತದೆ.

ಇವರು ಎರಡು ತುತ್ತು ತಿಂದು ಎದ್ದರು. ಎಳ್ಳು-ಬೆಲ್ಲ ಕೊಟ್ಟು ಕಾಲಿಗೆ ಬಿದ್ದೆ. ತಲೆ ಮೇಲೆ ಕೈ ಇಟ್ಟರು, ತೆಗೆಯಲೇ ಇಲ್ಲ. ನಾನೂ ಏಳಲಿಲ್ಲ.

ಅತ್ತೆ ಒಳಗಿನಿಂದ ಕೂಗಿದರು, “ಏನs ಅದು, ಹಬ್ಬದ ದಿನ ಹಿಂಗ ಕೂತೀರಿ ಇಬ್ರೂ?”

“ಮೊಣಕಾಲು ಹಿಡದೈತಬೇ” ಅಂದರು ಇವರು. ಕಾಲಿಗೆ ಬಿದ್ದವಳು ನಾನು, ಮೊಣಕಾಲು ಹಿಡಿದದ್ದು ಇವರಿಗೆ! ಅಳುವಿನ ನಡುವೆಯೂ ನಗು ಬಂತು.

ಜನವರಿ ೨೩, ಗುರುವಾರ

ಬರೆಯಲು ಮನಸ್ಸಾಗಿರಲಿಲ್ಲ.

ಹುಬ್ಬಳ್ಳಿ ದೊಡ್ಡ ಡಾಕ್ಟರ ಅಪಾಯಿಂಟ್‌ಮೆಂಟ್ ಮಾರ್ಚಿಗೆ ಸಿಕ್ಕಿದೆ. ಗಂಟಲಲ್ಲಿ ಕೊಳವೆ ಬಿಟ್ಟು ನೋಡುತ್ತಾರಂತೆ. ಬೇಕಾದರೆ ಸೂಜಿಯೂ. ಸೂಜಿ ಅಂದಾಗ ಇವರು ಮುಖ ಆ ಕಡೆ ಮಾಡಿದರು.

ತುಪ್ಪ ಬಂದ್, ಸಕ್ಕರೆ ಬಂದ್, ಅನ್ನ ಒಂದು ಮುಷ್ಟಿ. ಸಂಜೆ ಹುಡುಗರಿಗೆ ಕುಸ್ತಿ ಕಲಿಸಲು ತಾಲೀಮಿಗೂ ಹೋಗುತ್ತಿಲ್ಲ. ಖುರಾಕು ಮಾತ್ರ ನಡೆದಿದೆ, ತುಪ್ಪ ಇಲ್ಲದೆ. ಅದನ್ನೂ ಬಿಡುತ್ತಿದ್ದರೋ ಏನೋ, ಅತ್ತೆ ಎದುರಿಗೆ ಕೂಡುತ್ತಾರಲ್ಲ, ಬಿಡುವ ಹಾಗಿಲ್ಲ.

ಇವತ್ತು ಆ ರುದ್ರೇಶನ ಮೇಲೆ ಎಗರಿದೆ. ಮಿಲ್ಲಿನ ಆಫೀಸಿನವನು, ದಿನಾ ಇಲ್ಲೇ ಊಟ. ಬಾಯಿಗೆ ಬೀಗವಿಲ್ಲ. ಎಲ್ಲರೆದುರು ಕೇಳಿದ, “ಪೈಲ್ವಾನ್ರದು ಲಿವರ್ ಹೋಗೈತಂತ, ಖರೇನ ಅಕ್ಕಾರ? ಲಿವರ್ ಅಂದ್ರ ಎಣ್ಣೀನ ಬಿಡ್ರಿ. ಕದ್ದು ಹೊಡೀತಿದ್ರೇನೋ!”

ಮೈಯೆಲ್ಲ ಉರಿಯಿತು.

“ನನ್ನ ಗಂಡ ಕುಡಿದಿದ್ದು ಹಾಲು. ನಿಮ್ಮಂಗ ಪಗಾರದ ದಿನ ಗಟಾರ ಅಳತಿ ಮಾಡಿದವರಲ್ಲ ಅವರು. ಉಣ್ಣಾಕ ಬಂದೀರಿ, ಉಂಡು ಏಳ್ರಿ.”

ಅವನ ತಾಟಿಗೆ ಮೊಸರು ಹಾಕಲಿಲ್ಲ. ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಒಣ ರೊಟ್ಟಿ ಅಗಿದು ಹೋದ.

ಆದರೆ ಊರೆಲ್ಲ ಹಾಗೇ ಅನ್ನುತ್ತಿದೆಯೇನೋ. ಇವರಿಗೆ ಅದೇ ಹೆಚ್ಚು ಚುಚ್ಚುತ್ತಿದೆ ಅಂತ ನನಗೆ ಗೊತ್ತು.

ಫೆಬ್ರವರಿ ೩, ಸೋಮವಾರ

ಗೋಡೆಯ ಮೇಲಿನ ಗದೆ ಇಲ್ಲ.

ಹಳಿಯಾಳದ ಕುಸ್ತಿ ಕಣದಲ್ಲಿ ಗೆದ್ದ ಬೆಳ್ಳಿ ಗದೆ. ನಮ್ಮ ಲಗ್ನದ ವರ್ಷದ್ದು. ಮೊನ್ನೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದರು, ಹೊತ್ತು ಹೋಗಲಿ ಅಂತ ಅಂದುಕೊಂಡೆ. ಇವತ್ತು ನೋಡಿದರೆ ಮೊಳೆ ಮಾತ್ರ ಇದೆ.

“ತಾಲೀಮಿಗೆ ಕೊಟ್ಟು ಬಂದೆ” ಅಂದರು.

“ಯಾಕ?”

“ಇಲ್ಲಿ ಧೂಳು ತಿಂತಿತ್ತು. ಅಲ್ಲಿ ಇದ್ರ ಹುಡುಗೂರು ನೋಡತಾವ. ಮುಂದ... ನೆನಪಿಗರೆ ಇರತೈತಿ.”

ನೆನಪಿಗೆ! ಯಾರ ನೆನಪಿಗೆ? ಬಾಯಿಗೆ ಬಂದದ್ದು ಬೈದೆ. ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ತಡೆಯಲಾರದೆ ಹಿಂದೆಯೇ ಹೋದೆ. ಕೋಗಿಲಬನದ ಕಡೆ ಹೊಳೆ ದಂಡೆಯ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತೆ.

ಹೊಳೆಗೆ ಒಂದು ಕಲ್ಲು ಒಗೆದು ಮಾತಾಡಿದರು. “ಕುಸ್ತ್ಯಾಗ ಬಿದ್ರ ಎದ್ದು ಮಣ್ಣು ಝಾಡಿಸ್ಕೊಂಡು ಮತ್ತ ನಿಲ್ಲಬಹುದು ಸುವರ್ಣಾ. ಎದುರಿಗೆ ಮನಷ್ಯಾ ಇರತಾನ, ಹಿಡೀಬಹುದು. ಇದು ಒಳಗ ಕುಂತೈತಿ. ಕೈಗೇ ಸಿಗವಲ್ದು.”

“ನಾ ಅದೀನಲ್ಲ” ಅಂದೆ.

“ನೀ ಅದೀದಿ ಅಂತನ ಅಂಜಿಕಿ.”

ನನಗೂ ಅಂಜಿಕೆ. ಇವರಿಲ್ಲದ ಮನೆ ನನಗೆ ಬೇಡ. ಬೇಡ ಅಂದರೆ ಬೇಡ.

ಫೆಬ್ರವರಿ ೧೦, ಸೋಮವಾರ. ಮಧ್ಯಾಹ್ನ

ಸುಮಿತಾ ಡಾಕ್ಟರ ಹತ್ತಿರ ಹೋಗಿದ್ದೆವು. ಹೊಸ ರಕ್ತ ಪರೀಕ್ಷೆ ಬಂದಿದೆ. ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ನನಗ್ಯಾಕೋ ತಾಳೆ ಆಗವಲ್ದು” ಅಂದರು. “ಲಿವರ್ ಅಷ್ಟು ಗಟ್ಟಿ ಆಗಿದ್ರ ಪ್ಲೇಟ್ಲೆಟ್ ಇಳೀಬೇಕಿತ್ತು, ಇಳಿದಿಲ್ಲ. ರಕ್ತ ಒಂದು ಹೇಳತೈತಿ, ಮಷಿನ್ ಇನ್ನೊಂದು. ಹುಬ್ಬಳ್ಳಿಗೆ ಹೋಗೂಕಿಂತ ಮೊದಲ ಇನ್ನೊಮ್ಮೆ ಸ್ಕ್ಯಾನ್ ಮಾಡಸ್ರಿ. ಅದೇ ಮಷಿನ್ ಇಪ್ಪತ್ತೆರಡಕ್ಕ ಮುಂಡಗೋಡಕ್ಕ ಬರತೈತಿ.”

ಹೊರಗೆ ಬಂದ ಮೇಲೆ ಇವರು, “ಮತ್ತ ಅದೇ ನಂಬರ್ ಕೇಳಾಕ ಅಷ್ಟು ದೂರ ಯಾಕ?” ಅಂದರು.

“ಹೋಗೂಣು. ನೀವು ಬರದಿದ್ರ ನಾ ಒಬ್ಬಾಕಿನ ಹೋಗಿ ಮಲಕೊಂಡು ಬರ್ತೇನಿ.”

ಸ್ವಲ್ಪ ನಕ್ಕರು. ತಿಂಗಳಾಗಿತ್ತು ಆ ನಗು ನೋಡಿ. ನನಗೂ ಎಲ್ಲೋ ಒಂದು ಎಳೆ ಆಸೆ. ಹೆಚ್ಚು ಬರೆಯುವುದಿಲ್ಲ, ನನ್ನ ದೃಷ್ಟಿಯೇ ತಾಗೀತು.

ಫೆಬ್ರವರಿ ೨೨, ಶನಿವಾರ. ಹಳಿಯಾಳ ಬಸ್ ಸ್ಟ್ಯಾಂಡ್

ದಾಂಡೇಲಿ ಬಸ್ಸಿಗೆ ಕಾಯುತ್ತಿದ್ದೇವೆ. ಇವರು ಎದುರಿನ ಅಂಗಡಿಯಲ್ಲಿ ಬಾಳೆಹಣ್ಣು ಆರಿಸುತ್ತಿದ್ದಾರೆ. ಈಗಲೇ ಬರೆಯಬೇಕು, ಮನೆಗೆ ಹೋದರೆ ಪುರಸೊತ್ತು ಸಿಗುವುದಿಲ್ಲ.

ಬೆಳಿಗ್ಗೆ ಮೊದಲ ಬಸ್ಸು. ಖುರಾಕು ಕುಡಿಯಲು ಹೊತ್ತಿರಲಿಲ್ಲ. ಅತ್ತೆ ಬಿಡಬೇಕಲ್ಲ... “ಹಂಗs ಹೋದ್ರ ಚಕ್ಕರ್ ಬರತೈತಿ ಅವಗ” ಅಂತ ನನ್ನ ಕೈಯಿಂದಲೇ ಸ್ಟೀಲ್ ಬಾಟಲಿಗೆ ತುಂಬಿಸಿ ಚೀಲದಲ್ಲಿ ಇಡಿಸಿದರು. ಬಸ್ಸಿನಲ್ಲಿ ಕುಡಿಯಿರಿ ಅಂದೆ. ಕುಲುಕಾಟ, ಬೇಡ ಅಂದರು.

ಮುಂಡಗೋಡದಲ್ಲಿ ಉದ್ದ ಸಾಲು. ನಮ್ಮ ಸರದಿ ಹತ್ತಿರ ಬಂತು. ಇವರಿಗೆ ಬೆವರು. ಅಂಜಿಕೆಯ ಬೆವರು, ಹೆಂಡತಿಗೆ ಗೊತ್ತಾಗುವುದಿಲ್ಲವೇ. ಚೀಲದಿಂದ ಬಾಟಲಿ ತೆಗೆದು ಕೊಟ್ಟೆ. ಹೌದು, ನಾನೇ ಕೊಟ್ಟೆ. ಮುಚ್ಚಳ ತಿರುವಿ ಬಾಯಿಗೆ ಎತ್ತಿದರು.

“ಕಾಕಾ! ಏನದು?”

ತುಳಜಾ. ಬಾಗಿಲಲ್ಲಿ ನಿಂತು ಹೆಸರು ಕೂಗಲು ಬಂದವಳು, ಓಡಿಯೇ ಬಂದಳು.

“ಹಾಲವ್ವಾ. ಬದಾಮಿ ಹಾಲು.”

“ಕುಡದ್ರೇನು?”

“ಇನ್ನೂ ಇಲ್ಲ. ಈಗ...”

“ಕುಡೀಬ್ಯಾಡ್ರಿ! ಏನೂ ತಿನ್ನಬಾರದು ಅಂತ ಹೇಳಿಲ್ಲೇನು ನಿಮಗ?”

ಇವರಿಗೆ ಸಿಟ್ಟು. “ತಿಂದಿಲ್ಲಲ್ಲಬೇ! ತುತ್ತು ಮುಟ್ಟಿಲ್ಲ. ಇದು ಹಾಲು. ಹಾಲು ಊಟ ಏನು?”

ತುಳಜಾ ಇವರನ್ನು ನೋಡಿದಳು. ಬಾಟಲಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, “ದಾಂಡೇಲಿ ಕ್ಯಾಂಪಿಗೆ ಬಂದಾಗ... ಕುಡದು ಬಂದಿದ್ರೇನು?”

“ಹೂಂ. ದಿನಾ ಕುಡೀತೀನಿ.”

“ಎಷ್ಟು?”

ಇವರು ಎರಡೂ ಕೈಯಲ್ಲಿ ಚೆಂಬಿನ ಅಳತೆ ತೋರಿಸಿದರು. ಸಾಲಿನಲ್ಲಿದ್ದವರೆಲ್ಲ ಹೋ ಅಂದರು.

“ಯವ್ವಾ!” ತಲೆ ಮೇಲೆ ಕೈ ಹೊತ್ತಳು ಹುಡುಗಿ. “ಹೊಟ್ಟಿ ತುಂಬಿದ ಮ್ಯಾಲೆ ಲಿವರಿಗೆ ರಕ್ತ ಜಾಸ್ತಿ ಹರೀತೈತ್ರಿ ಕಾಕಾ. ಉಬ್ಬತೈತಿ. ಆವಾಗ ನೋಡಿದ್ರ ಇದ್ದದ್ದಕ್ಕಿಂತ ಬಿರುಸು ತೋರಸತೈತಿ. ತಪ್ಪು ನಂದೂ ಐತಿ, ಹಾಲು ಕುಡದೀರೇನು ಅಂತ ಬಿಡಿಸಿ ಕೇಳಬೇಕಿತ್ತು.”

ಆ ಚೆಂಬು ಕಾಯಿಸಿದ್ದು ಈ ಕೈ. ತುಪ್ಪ ಸುರಿದದ್ದು ಈ ಕೈ. ಉಪ್ಪಿಟ್ಟು ಮುಟ್ಟಲಿಲ್ಲ ಅಂತ ಹೊಗಳಿಕೊಂಡಿದ್ದೆನಲ್ಲ! ನಮ್ಮ ಮನೆಯಲ್ಲಿ ಖುರಾಕನ್ನು ಯಾರೂ ತಿನ್ನುವ ಲೆಕ್ಕಕ್ಕೆ ಹಿಡಿದವರೇ ಅಲ್ಲ. ಅತ್ತೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ.

“ಈಗ ಖಾಲಿ ಹೊಟ್ಟೀಲಿ ಅದೀರಿ ಹೌದಲ್ಲ? ನೀರು?”

“ನೀರೂ ಇಲ್ಲ.”

“ಬರ್ರಿ. ಮಕ್ಕೊಳ್ರಿ.”

ಮತ್ತೆ ಜೆಲ್. ಮತ್ತೆ ಟಕ್... ಟಕ್... ನಾನು ಪರದೆ ನೋಡಲಿಲ್ಲ. ತುಳಜಾಳ ಮುಖ ನೋಡಿದೆ. ಅದೇ ನನ್ನ ಮಷಿನ್. ಹುಬ್ಬು ಬಿಗಿದಿತ್ತು. ತಟ್ಟಿದಳು. ಹುಬ್ಬು ಸಡಿಲಾಯಿತು. ತಟ್ಟಿದಳು. ತುಟಿ ಒಂದು ಕಡೆ ಎಳೆಯಿತು. ಹಲ್ಲು ಕಂಡವು. ಅಯ್ಯೋ ನನ್ನವ್ವಾ, ಹಲ್ಲು ಕಂಡವು!

“ಏಳು ಪಾಯಿಂಟ್ ಒಂದು” ಅಂದಳು.

ಡಾಕ್ಟರು ಬಂದು ನೋಡಿದರು. ಅವತ್ತಿನವರೇ. ಸಿರೋಸಿಸ್ ಅನ್ನುವ ಹಾಗಿಲ್ಲ ಅಂದರು. ಹಾಲು ಒಂದು ಕಾರಣ. ಅವತ್ತು ಲಿವರಿಗೆ ಬಾವೂ ಜಾಸ್ತಿ ಇತ್ತು, ಅದೂ ನಂಬರ್ ಏರಿಸಿರಬಹುದು, ಪಥ್ಯದಿಂದ ಈಗ ಇಳಿದಿದೆ. ಕೊಬ್ಬು ಇನ್ನೂ ಇದೆ. ಸ್ವಲ್ಪ ಗಟ್ಟಿಯಾಗಲು ಶುರುವಾಗಿರಬಹುದು, ಆದರೆ ಈಗ ಹಿಡಿದರೆ ಹಿಂದಕ್ಕೆ ತರಬಹುದು. ತೂಕ ಇಳಿಸಿ. ಹುಬ್ಬಳ್ಳಿಗೆ ಒಮ್ಮೆ ತೋರಿಸಿ, ಗಾಬರಿ ಬೇಡ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್.

“ಬೈಠಕ್ ಹೊಡೀಬಹುದೇನ್ರಿ?” ಇವರು ಕೇಳಿದ ಮೊದಲ ಪ್ರಶ್ನೆ ಇದು!

“ಹೊಡೀರಿ, ಸಾವಕಾಶ. ವ್ಯಾಯಾಮ ಬೇಕs ಬೇಕು ನಿಮಗ. ಚೆಂಬು ಮಾತ್ರ ಸಣ್ಣದು ಮಾಡ್ರಿ.”

ಹೊರಗೆ ಬಂದು ಮರದ ಕೆಳಗೆ ಇಬ್ಬರೂ ಕೂತೆವು. ನಾನು ಅತ್ತೆ, ಜೋರಾಗಿಯೇ ಅತ್ತೆ. ಅಲ್ಲಿದ್ದ ಹೆಂಗಸೊಬ್ಬಳು ಬಂದು, “ಸಮಾಧಾನ ಮಾಡ್ಕೋರಿ, ದೇವರಿದ್ದಾನ” ಅಂದಳು. ಇವರು ಅವಳಿಗೆ, “ಇಲ್ರಿ ಅಕ್ಕಾರ, ಖುಷಿಗೆ ಅಳಾಕತ್ತಾಳ. ನಮ್ಮಾಕಿದು ಎಲ್ಲಾ ಉಲ್ಟಾನ” ಅಂದರು. ಅಂದವರ ಕಣ್ಣೂ ಒದ್ದೆ.

ಬಾಟಲಿಯ ಹಾಲು ಒಡೆದಿತ್ತು. ಚೆಲ್ಲಿದೆವು.

ಬಸ್ ಬಂತು.

ಫೆಬ್ರವರಿ ೨೩, ಭಾನುವಾರ. ಸಂಜೆ ೪

ಅತ್ತೆಗೆ ಎಲ್ಲ ಹೇಳಿದೆವು. ಕೇಳಿಸಿಕೊಂಡು ಎಲೆ-ಅಡಿಕೆ ಮಡಚಿದರು. “ನನ್ನ ಮಗ ಮೊಣಕಾಲಿಗೆ ಅಂಜಿ ಗದಾ ಕೊಟ್ಟು ಬರ್ತಾನ ಅಂತ ತಿಳದಿದ್ರೇನು? ಎಲ್ಲಾ ಗೊತ್ತಿತ್ತು. ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ” ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮಗನ ಬೆನ್ನಿಗೊಂದು ಗುದ್ದಿದರು. ಆಮೇಲೆ ಹೇಳಿದ್ದು ಏನೆಂದರೆ, “ಆದ್ರೂ ಹಾಲು ಊಟ ಅಂತ ನಾ ಒಪ್ಪಂಗಿಲ್ಲ.” ಈ ಮನೆಯವರನ್ನು ದೇವರೇ ಕಾಯಬೇಕು.

ಗದೆ ತನ್ನಿ ಅಂದೆ ಇವರಿಗೆ. ಒಲ್ಲೆ ಅಂದರು. ಕೊಟ್ಟ ವಸ್ತು ತಿರುಗಿ ಕೇಳಿದರೆ ನಾಚಿಕೆಯಂತೆ. ಸಾಯಲು ನಾಚಿಕೆ ಇರಲಿಲ್ಲ, ಕೇಳಲು ನಾಚಿಕೆ!

ನಾನೇ ಹೋದೆ. ಹೆಂಗಸರು ತಾಲೀಮಿನ ಹೊಸಿಲು ದಾಟುವ ಹಾಗಿಲ್ಲ. ದಾಟಲಿಲ್ಲ. ಹೊರಗೆ ನಿಂತೇ ಕೂಗಿದೆ, “ಏಯ್ ಹುಡುಗೂರ್ಯಾ, ನಿಮ್ಮ ವಸ್ತಾದ ಇನ್ನೂ ಬಾಳ ವರ್ಷ ಇರತಾರ. ಅವರ ಗದಾ ಹೊರಗ ಕೊಡ್ರಿ!”

ಮಣ್ಣು ಮೆತ್ತಿದ ಮೈಗಳೆಲ್ಲ ಕೇಕೆ ಹಾಕುತ್ತಾ ಬಾಗಿಲಿಗೆ ಬಂದವು. ಗದೆ ಹೊರಗೆ ಬಂತು. ಹೆಗಲ ಮೇಲೆ ಹೊತ್ತು ಬಜಾರದ ನಡುವೆಯೇ ನಡೆದೆ. ನೋಡಲಿ, ಎಲ್ಲರೂ ನೋಡಲಿ.

ರುದ್ರೇಶ ಎದುರಾದ. “ಅಕ್ಕಾರ, ಯಾರನ್ನ ಹೊಡ್ಯಾಕ ಹೊಂಟೀರಿ?”

“ನಿಮ್ಮನ್ನs ಹುಡಕಾಕತ್ತಿದ್ದೆ. ನಾಳೆ ಊಟಕ್ಕ ಬರ್ರಿ. ಎರಡು ಸಲ ಮೊಸರು ಹಾಕ್ತೇನಿ.”

ಫೆಬ್ರವರಿ ೨೪, ಸೋಮವಾರ. ಬೆಳಿಗ್ಗೆ

ರೊಟ್ಟಿ ಹಿಟ್ಟಿಗೆ ಎಸರು ಇಟ್ಟಿದ್ದೇನೆ, ಕುದಿಯುವ ತನಕ ನಾಲ್ಕು ಸಾಲು. ಗದೆ ಮೊಳೆಗೆ ಬಂದಿದೆ. ಹಿತ್ತಾಳೆ ಚೆಂಬು ಅಟ್ಟ ಸೇರಿತು. ಇವತ್ತಿನಿಂದ ಸ್ಟೀಲ್ ಲೋಟ, ತೆಳ್ಳಗಿನ ಹಾಲು, ನಾಲ್ಕೇ ಬದಾಮಿ. ಲೋಟ ನೋಡಿ ಅತ್ತೆ ಮುಖ ಹುಳಿ ಮಾಡಿಕೊಂಡು ಕೂತಿದ್ದಾರೆ. ಪೈಲ್ವಾನರು ಎಲ್ಲಿ...

ಹಿತ್ತಲಲ್ಲಿ ದನಿ. ಎಣಿಸುತ್ತಿದ್ದಾರೆ.

ಗೋಡೆ ನಡುಗುತ್ತಿದೆ. ಶೆಲ್ಫಿನ ತಾಟುಗಳು ಗಲಗಲ, ಗಲಗಲ... ಡಾಕ್ಟರು ಸಾವಕಾಶ ಅಂದಿದ್ದು ಕಿವಿಗೆ ಬಿದ್ದಿಲ್ಲ ಈ ಮನುಷ್ಯನಿಗೆ. ಬೈಯಬೇಕು. ಬಾಯಿ ತೆರೆದೆ, ನಗು ಬಂತು. ಬೀಳಲಿ ಬಿಡು, ಎಲ್ಲಾ ತಾಟು ಬೀಳಲಿ, ನಾನೇ ಎತ್ತಿಡುತ್ತೇನೆ, ದಿನಾ ಎತ್ತಿಡು—

ಅಯ್ಯ, ಬಿತ್ತು! ಉಪ್ಪಿನಕಾಯಿ ಭರಣಿನೇ —